ಹಸಿ ಸೌದೆಯ ಪ್ರಶ್ನೆ

ಪಕ್ಷ, ವಿಪಕ್ಷ, ಜಾತಿ, ಛಲ, ವಾದ, ನಿಗ್ರಹ. ಈ ಆರು ಪದಗಳನ್ನು ಒಂದೇ ಸಾಲಿನಲ್ಲಿ ಕಂಡವರು ಇದು ಚುನಾವಣೆಯ ವರದಿ ಇರಬೇಕು ಎಂದುಕೊಳ್ಳುತ್ತಾರೆ. ವ್ಯಭಿಚಾರ ಎಂಬುದನ್ನೂ ಸೇರಿಸಿಬಿಟ್ಟರೆ ರಾತ್ರಿ ಒಂಬತ್ತರ ಟಿವಿ ಚರ್ಚೆಗೆ ಸರಕು ತಯಾರು. ನ್ಯಾಯಶಾಸ್ತ್ರ ಓದುವ ವಿದ್ಯಾರ್ಥಿಗೆ ಮಾತ್ರ ಈ ಏಳೂ ಬೇರೆಯೇ ಕೆಲಸದ ಪದಗಳು. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಮನುಷ್ಯ ಹೇಗೆ ದಾಟುತ್ತಾನೆ, ದಾಟುವಾಗ ಎಲ್ಲೆಲ್ಲಿ ಕಾಲು ಜಾರುತ್ತಾನೆ ಎಂಬುದನ್ನು ಗುರುತಿಸಲೆಂದು ಶತಮಾನಗಳ ಕಾಲ ತಿದ್ದಿ ತೀಡಿದ ಪದಗಳು ಇವು. ನ್ಯಾಯ ಎಂಬುದೇ ಇಲ್ಲಿ ಕೋರ್ಟಿನಲ್ಲಿ ಸಿಗುವ (ಅಥವಾ ಸಿಗದ) ನ್ಯಾಯವಲ್ಲ; ಯುಕ್ತಿಯಿಂದ ತೀರ್ಮಾನಕ್ಕೆ ಒಯ್ಯುವ ದಾರಿ.

ಗೌತಮನ ಹೆಸರಿನಲ್ಲಿರುವ ‘ನ್ಯಾಯಸೂತ್ರ’ ತನ್ನ ಮೊದಲ ಸೂತ್ರದಲ್ಲೇ ಹದಿನಾರು ವಿಷಯಗಳ ಪಟ್ಟಿ ಕೊಡುತ್ತದೆ. ಅವುಗಳಲ್ಲಿ ಏಳು ನೇರವಾಗಿ ಜಗಳಕ್ಕೆ ಸಂಬಂಧಪಟ್ಟವು. ಸತ್ಯ ತಿಳಿಯಲೆಂದು ನಡೆಸುವ ಮಾತುಕತೆ ವಾದ. ಗೆಲ್ಲಲೇಬೇಕೆಂದು ನಡೆಸುವುದು ಜಲ್ಪ. ತನ್ನದೆಂಬ ನಿಲುವು ಒಂದನ್ನೂ ಇಡದೆ ಎದುರಿನವನದನ್ನು ಕೆಡವುವುದಷ್ಟೇ ಗುರಿಯಾದರೆ ಅದು ವಿತಂಡ. ಈ ಕೊನೆಯ ಪದ ಮಾತ್ರ ಕನ್ನಡದಲ್ಲಿ ತನ್ನ ಅರ್ಥವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿದೆ, ಬಹುಶಃ ಬಳಸುವ ಸಂದರ್ಭಗಳು ಎಂದೂ ಕಡಿಮೆಯಾಗಲಿಲ್ಲವಾದ್ದರಿಂದ.

ಛಲದ ಕತೆ ಹಾಗಲ್ಲ. ನಮಗೆ ಛಲ ಎಂದರೆ ಹಿಡಿದದ್ದನ್ನು ಬಿಡದ ಗುಣ. ದುರ್ಯೋಧನನಿಗೂ ಸಲ್ಲುತ್ತದೆ, ಎರಡನೇ ಸಲ ಪರೀಕ್ಷೆಗೆ ಕೂತ ಹುಡುಗಿಗೂ ಸಲ್ಲುತ್ತದೆ. ನ್ಯಾಯದಲ್ಲಿ ಛಲ ಎಂದರೆ ಎದುರಾಳಿಯ ಮಾತಿಗೆ ಬೇಕೆಂದೇ ಬೇರೆ ಅರ್ಥ ಹಚ್ಚಿ ಅದನ್ನು ಖಂಡಿಸುವುದು. ಶಾಸ್ತ್ರದ ಹಳೆಯ ಉದಾಹರಣೆ ಕನ್ನಡಕ್ಕೂ ಹಾಗೇ ಒಗ್ಗುತ್ತದೆ. ‘ಈ ಹುಡುಗ ನವ ಕಂಬಳಿ ಹೊದ್ದಿದ್ದಾನೆ’ ಎಂದರೆ, ‘ಎಲ್ಲಿದೆ ಒಂಬತ್ತು? ಒಂದೇ ಕಾಣ್ತಿದೆಯಲ್ಲ’ ಎನ್ನುವುದು. ಜಾತಿ ಎಂದರೆ ಮೇಲ್ನೋಟದ ಹೋಲಿಕೆಯೊಂದನ್ನು ಹಿಡಿದು ಕೊಡುವ ಪೊಳ್ಳು ಉತ್ತರ. ‘ಶಬ್ದ ಹುಟ್ಟುತ್ತದೆ, ಹುಟ್ಟಿದ್ದಕ್ಕೆ ಸಾವಿದೆ, ಮಡಕೆಗಿರುವಂತೆ’ ಎಂದು ಒಬ್ಬ ಹೇಳಿದರೆ, ‘ಶಬ್ದಕ್ಕೆ ಆಕಾಶದ ಹಾಗೆ ಆಕಾರವಿಲ್ಲ, ಹಾಗಾಗಿ ಆಕಾಶದ ಹಾಗೆ ಅದೂ ಶಾಶ್ವತ’ ಎಂದು ಇನ್ನೊಬ್ಬ ಹೇಳುವುದು. ಇಂಥ 24 ಜಾತಿಗಳನ್ನು ಸೂತ್ರಕಾರ ಎಣಿಸಿದ್ದಾನೆ. ಸೋಲನ್ನು ಘೋಷಿಸಬೇಕಾದ ಘಟ್ಟಗಳಿಗೆ ನಿಗ್ರಹಸ್ಥಾನ ಎಂದು ಹೆಸರು, ಅವು 22. ಹೇಳಿದ್ದನ್ನೇ ಮತ್ತೆ ಹೇಳುವುದು ಒಂದು, ವಿಷಯ ಬಿಟ್ಟು ಇನ್ನೇನೋ ಮಾತಾಡುವುದು ಮತ್ತೊಂದು. ‘ನನಗೆ ಸ್ವಲ್ಪ ಕೆಲಸವಿದೆ’ ಎಂದು ಚರ್ಚೆಯ ನಡುವೆ ಎದ್ದು ಹೋಗುವುದಕ್ಕೂ ಅಲ್ಲಿ ಒಂದು ಹೆಸರಿದೆ: ವಿಕ್ಷೇಪ.

ಇವೆಲ್ಲ ಓಲೆಗರಿಯಲ್ಲಿ ಮಾತ್ರ ಇದ್ದ ನಿಯಮಗಳಲ್ಲ. ಶ್ರವಣಬೆಳಗೊಳದಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ದೊಡ್ಡ ಶಾಸನವಿದೆ. ಸಮಂತಭದ್ರ, ಅಕಲಂಕರಂಥ ಜೈನ ಗುರುಗಳನ್ನು ಅದು ಹೊಗಳುವುದು ಮುಖ್ಯವಾಗಿ ವಾದದಲ್ಲಿ ಗೆದ್ದವರೆಂದು. ವಾದಿರಾಜ, ವಾದೀಭಸಿಂಹ ಎಂಬ ಹೆಸರುಗಳನ್ನು ನೋಡಿದರೆ ಸಾಕು, ಆ ಕಾಲದಲ್ಲಿ ಯಾವ ಪ್ರತಿಭೆಗೆ ಬೆಲೆಯಿತ್ತು ಎಂದು ತಿಳಿಯುತ್ತದೆ. ಮುಂದೆ ವಿಜಯನಗರದಲ್ಲಿ ವ್ಯಾಸರಾಯರು ‘ತರ್ಕತಾಂಡವ’ ಬರೆದದ್ದು ಮಿಥಿಲೆಯ ನವ್ಯನ್ಯಾಯ ಎಂಬ ಹೊಸ ತರ್ಕಪಂಥಕ್ಕೆ ಎದುರಾಗಿ. ತಾರ್ಕಿಕರನ್ನು ಅವರದೇ ಪರಿಭಾಷೆಯಲ್ಲಿ ಹಿಡಿದು ಕೆಡಹುವ ಗ್ರಂಥ ಅದು.

ಆದರೆ ಜಗಳದ ಪದಗಳು ಈ ಅಧ್ಯಾಯಕ್ಕೆ ಬಾಗಿಲು ಮಾತ್ರ. ವಿಜ್ಞಾನಕ್ಕೆ ಬೇಕಾದ ಪದಗಳು ಇನ್ನೂ ಒಳಗಿವೆ.

ಬೆಟ್ಟದ ಮೇಲಿನ ಹೊಗೆ

ಕನ್ನಡದಲ್ಲಿ ಅನುಮಾನ ಎಂದರೆ ಶಂಕೆ. ‘ಅವನ ಮೇಲೆ ನನಗೆ ಅನುಮಾನ’ ಎಂದರೆ ಗೊತ್ತಿಲ್ಲ, ಆದರೆ ಇರಬಹುದು ಎಂದರ್ಥ. ತರ್ಕದಲ್ಲಿ ಇದರ ಅರ್ಥ ತಿರುಗುಮುರುಗು. ಅನುಮಾನ ಅಲ್ಲಿ ಪ್ರಮಾಣ, ಅಂದರೆ ಖಚಿತ ತಿಳಿವಳಿಕೆ ಹುಟ್ಟಿಸುವ ಸಾಧನ. ಕಣ್ಣಿಗೆ ಕಾಣದ್ದನ್ನು ಕಂಡದ್ದರ ಬೆನ್ನು ಹತ್ತಿ ತಿಳಿಯುವುದು.

ಎಲ್ಲ ತರ್ಕ ಪಾಠಗಳೂ ಒಂದೇ ಬೆಟ್ಟದಿಂದ ಶುರುವಾಗುತ್ತವೆ. ದೂರದ ಬೆಟ್ಟದಲ್ಲಿ ಹೊಗೆ ಏಳುತ್ತಿದೆ. ಅಲ್ಲಿ ಬೆಂಕಿಯಿದೆ ಎನ್ನುತ್ತೀರಿ. ನಿಮಗೆ ನೀವೇ ಹೇಳಿಕೊಳ್ಳುವುದಾದರೆ ಇಷ್ಟು ಸಾಕು. ಪಕ್ಕದವನನ್ನು ಒಪ್ಪಿಸಬೇಕಿದ್ದರೆ ಐದು ಹೆಜ್ಜೆ ಬೇಕು. ಬೆಟ್ಟದಲ್ಲಿ ಬೆಂಕಿಯಿದೆ: ಪ್ರತಿಜ್ಞೆ. ಏಕೆಂದರೆ ಹೊಗೆಯಿದೆ: ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ: ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ: ಉಪನಯ. ಆದ್ದರಿಂದ ಬೆಂಕಿಯಿದೆ: ನಿಗಮನ. ಇಲ್ಲಿ ಬೆಟ್ಟವೇ ಪಕ್ಷ. ಬೆಂಕಿ ಇದ್ದೇ ಇದೆ ಎಂದು ಮೊದಲೇ ಗೊತ್ತಿರುವ ಅಡುಗೆಮನೆ ಸಪಕ್ಷ. ಬೆಂಕಿ ಇರಲಾರದೆಂದು ಖಾತ್ರಿಯಿರುವ ಕೆರೆ ವಿಪಕ್ಷ.

ಇಂಗ್ಲಿಷ್ ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ 1824ರಲ್ಲಿ ನ್ಯಾಯದರ್ಶನವನ್ನು ಯುರೋಪಿನ ವಿದ್ವಾಂಸರಿಗೆ ಪರಿಚಯಿಸಿದ. ಅರಿಸ್ಟಾಟಲ್‌ನ ಮೂರು ಸಾಲಿನ ತರ್ಕಕ್ಕೆ ಒಗ್ಗಿದ್ದವರಿಗೆ ಈ ಐದು ಹೆಜ್ಜೆ ದುಂದುಗಾರಿಕೆಯಂತೆ ಕಂಡಿತು. ಎಲ್ಲ ಮನುಷ್ಯರೂ ಸಾಯುತ್ತಾರೆ, ಸಾಕ್ರೆಟಿಸ್ ಮನುಷ್ಯ, ಆದ್ದರಿಂದ ಸಾಕ್ರೆಟಿಸ್ ಸಾಯುತ್ತಾನೆ: ಮುಗಿಯಿತಲ್ಲ, ನಡುವೆ ಅಡುಗೆಮನೆ ಯಾಕೆ? ಆದರೆ ಅರಿಸ್ಟಾಟಲ್‌ನ ತರ್ಕ ಕೇಳುವುದು ಆಕಾರ ಸರಿಯಿದೆಯೇ ಎಂದು. ‘ಎಲ್ಲ ಕುದುರೆಗೂ ರೆಕ್ಕೆಯಿದೆ, ಚೇತಕ್ ಒಂದು ಕುದುರೆ, ಆದ್ದರಿಂದ ಚೇತಕ್‌ಗೆ ರೆಕ್ಕೆಯಿದೆ’ ಎಂಬುದು ಆಕಾರದಲ್ಲಿ ನಿರ್ದೋಷಿ. ನೈಯಾಯಿಕ, ಅಂದರೆ ನ್ಯಾಯಶಾಸ್ತ್ರದ ಪಂಡಿತ, ಇದನ್ನು ಅನುಮಾನವೆಂದೇ ಒಪ್ಪುವುದಿಲ್ಲ. ರೆಕ್ಕೆಯಿರುವ ಒಂದು ಕುದುರೆಯನ್ನು ತೋರಿಸು ಎನ್ನುತ್ತಾನೆ. ನಮ್ಮ ಪಠ್ಯಗಳು ಸಾಮಾನ್ಯದಿಂದ ವಿಶೇಷಕ್ಕೆ ಇಳಿಯುವುದನ್ನು ನಿಗಮನ ವಿಧಾನವೆಂದೂ ವಿಶೇಷಗಳಿಂದ ಸಾಮಾನ್ಯಕ್ಕೆ ಏರುವುದನ್ನು ಅನುಗಮನ ವಿಧಾನವೆಂದೂ ಬೇರ್ಪಡಿಸುತ್ತವೆ. ಬೆಟ್ಟದ ಅನುಮಾನದಲ್ಲಿ ಎರಡೂ ಒಂದೇ ಹಗ್ಗದ ಎಳೆಗಳಾಗಿ ಹೊಸೆದುಕೊಂಡಿವೆ. ಉದಾಹರಣೆ ಎಂಬ ಮೂರನೇ ಹೆಜ್ಜೆ ನಿಯಮವನ್ನೂ ಹೇಳುತ್ತದೆ, ಅದಕ್ಕೆ ಪುರಾವೆಯನ್ನೂ ಒದಗಿಸುತ್ತದೆ.

ಆ ನಿಯಮಕ್ಕೆ ವ್ಯಾಪ್ತಿ ಎಂದು ಹೆಸರು. ಪೊಲೀಸ್ ಠಾಣೆಯ ವ್ಯಾಪ್ತಿ ನಮಗೆ ಗೊತ್ತು. ಇದು ಹೊಗೆಯ ವ್ಯಾಪ್ತಿ. ಹೊಗೆ ಇರುವ ಜಾಗಗಳೆಲ್ಲವನ್ನೂ ಬೆಂಕಿ ಇರುವ ಜಾಗಗಳ ವಲಯ ಒಳಗೊಂಡಿರುತ್ತದೆ. ಇಡೀ ಅನುಮಾನ ನಿಂತಿರುವುದು ಈ ಒಂದು ಕಂಬದ ಮೇಲೆ. ಅದು ಮುರಿಯುವ ಬಗೆಗೆ ಇಟ್ಟ ಹೆಸರು ವ್ಯಭಿಚಾರ: ಹೇತು ತನ್ನ ಜೊತೆಗಾರನಿಲ್ಲದ ಕಡೆಯೂ ಅಲೆಯುವುದು. ಬೆಂಕಿಯಿಲ್ಲದ ಒಂದೇ ಒಂದು ಜಾಗದಲ್ಲಿ ಹೊಗೆ ಕಂಡರೂ ಸಾಕು, ಕಂಬ ಬಿತ್ತು.

ಹಾಗೆ ಕೆಟ್ಟ ಹೇತುವಿಗೆ ಹೇತ್ವಾಭಾಸ ಎನ್ನುತ್ತಾರೆ, ಹೇತುವಿನ ಹಾಗೆ ಕಾಣುವ ಆದರೆ ಹೇತುವಲ್ಲದ್ದು. ಐದು ಬಗೆ. ಅಲೆಮಾರಿ ಹೇತುವನ್ನು ಈಗಷ್ಟೇ ನೋಡಿದೆವು. ವಿರುದ್ಧ ಎಂಬುದು ಸಾಧಿಸಬೇಕಾದುದರ ಉಲ್ಟಾ ಸಾಧಿಸಿಬಿಡುವ ಹೇತು. ಸತ್ಪ್ರತಿಪಕ್ಷ ಎಂದರೆ ಅಷ್ಟೇ ಬಲದ ಇನ್ನೊಂದು ಹೇತು ಎದುರು ನಿಂತಿರುವುದು. ಬಾಧಿತ ಎಂದರೆ ಬೇರೆ ಗಟ್ಟಿ ಪ್ರಮಾಣದಿಂದ ತೀರ್ಮಾನ ಮೊದಲೇ ಸುಳ್ಳಾಗಿರುವುದು. ಬೆಂಕಿ ತಣ್ಣಗಿದೆ ಎಂದು ನೀವು ಎಷ್ಟೇ ಸೊಗಸಾಗಿ ತರ್ಕಿಸಿ, ಮುಟ್ಟಿದರೆ ಸುಡುತ್ತದೆ. ಐದನೆಯದು ಅಸಿದ್ಧ. ಅದರಲ್ಲೊಂದು ಒಳಬಗೆಯ ಉದಾಹರಣೆ: ಆಕಾಶದ ತಾವರೆ ಸುವಾಸನೆ ಬೀರುತ್ತದೆ, ಏಕೆಂದರೆ ಅದು ತಾವರೆ. ಇಲ್ಲಿ ಪಕ್ಷವೇ ಇಲ್ಲ! ಇದು ಬಾಲಿಶ ಎನಿಸಿದರೆ, ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠವೆಂದು ಏಕೆ ಘೋಷಿಸಿತು ಎಂದು ವಿವರಿಸುವ ಮೊಬೈಲ್ ಸಂದೇಶವನ್ನು ನೆನಪಿಸಿಕೊಳ್ಳಿ. ಯುನೆಸ್ಕೋ ಹಾಗೆ ಘೋಷಿಸಿಯೇ ಇಲ್ಲ. ವಿವರಣೆಗಳು ಮಾತ್ರ ವರ್ಷ ವರ್ಷವೂ ಘಮಘಮಿಸುತ್ತಿವೆ.

ಕೆರೆಯ ಕಡೆ ಯಾರೂ ನೋಡುವುದಿಲ್ಲ

ಬೌದ್ಧ ತಾರ್ಕಿಕ ದಿಙ್ನಾಗ ಒಳ್ಳೆಯ ಹೇತುವಿಗೆ ಮೂರು ಲಕ್ಷಣ ಹೇಳಿದ. ಅದು ಪಕ್ಷದಲ್ಲಿರಬೇಕು, ಸಪಕ್ಷದಲ್ಲಿ ಕಂಡಿರಬೇಕು, ವಿಪಕ್ಷದಲ್ಲಿ ಎಲ್ಲೂ ಇರಕೂಡದು. ಮೂರನೆಯದನ್ನು ಪರೀಕ್ಷಿಸಬೇಕಾದರೆ ಅಡುಗೆಮನೆಗಳನ್ನು ಎಣಿಸುತ್ತ ಕೂತರೆ ಆಗದು, ಕೆರೆಗಳ ಮೇಲೆ ಹೊಗೆಯಿದೆಯೇ ಎಂದು ಹುಡುಕಿಕೊಂಡು ಹೋಗಬೇಕು. ಮನುಷ್ಯರು ಸ್ವಭಾವತಃ ಈ ಕೆಲಸ ಮಾಡುವುದಿಲ್ಲ ಎಂಬುದನ್ನು ಲಂಡನ್ನಿನ ಮನಶ್ಶಾಸ್ತ್ರಜ್ಞ ಪೀಟರ್ ವಾಸನ್ 1966ರಲ್ಲಿ ನಾಲ್ಕು ಕಾರ್ಡುಗಳಿಂದ ತೋರಿಸಿದ.

ಮೇಜಿನ ಮೇಲೆ ನಾಲ್ಕು ಕಾರ್ಡು. ಪ್ರತಿಯೊಂದರ ಒಂದು ಮಗ್ಗುಲಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ. ನಿಮಗೆ ಕಾಣುತ್ತಿರುವುದು: ಅ, ಕ, 4, 7. ನಿಯಮ ಹೀಗಿದೆ: ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರುತ್ತದೆ. ಈ ನಿಯಮ ನಿಜವೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ಮಗುಚಬೇಕು? ಓದು ನಿಲ್ಲಿಸಿ ಒಂದು ಕ್ಷಣ ಯೋಚಿಸಿ.

ಹೆಚ್ಚಿನವರು ‘ಅ’ ಮತ್ತು 4 ಎನ್ನುತ್ತಾರೆ. ಸರಿಯುತ್ತರ ‘ಅ’ ಮತ್ತು 7. ನಾಲ್ಕರ ಹಿಂದೆ ವ್ಯಂಜನವಿದ್ದರೂ ನಿಯಮಕ್ಕೇನೂ ಆಗುವುದಿಲ್ಲ. ಸಮಸಂಖ್ಯೆಯ ಹಿಂದೆ ಸ್ವರವೇ ಇರಬೇಕೆಂದು ಯಾರೂ ಹೇಳಿಲ್ಲವಲ್ಲ. ಏಳರ ಹಿಂದೆ ಸ್ವರ ಸಿಕ್ಕರೆ ಮಾತ್ರ ನಿಯಮ ಸತ್ತಂತೆ. ವಾಸನ್ ಕೂರಿಸಿದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಸರಿ ಹೇಳಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಲ್ಲರೂ ಸಪಕ್ಷದಲ್ಲೇ ಸುತ್ತಿದರು, ವಿಪಕ್ಷಕ್ಕೆ ಕಾಲಿಡಲಿಲ್ಲ.

ಇದೇ ಒಗಟನ್ನು 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬಿಬ್ಬರು ಅಮೆರಿಕದಲ್ಲಿ ಬೇರೆ ವೇಷದಲ್ಲಿ ಕೊಟ್ಟರು. ನೀವು ಪೊಲೀಸ್. ಬಿಯರ್ ಕುಡಿಯುವವರಿಗೆ 19 ತುಂಬಿರಬೇಕು. ನಾಲ್ಕು ಜನರ ಕಾರ್ಡು: ಬಿಯರ್, ಕೋಕ್, 22 ವರ್ಷ, 16 ವರ್ಷ. ಯಾರನ್ನು ತಪಾಸಣೆ ಮಾಡುತ್ತೀರಿ? ಈಗ ಮುಕ್ಕಾಲು ಪಾಲು ಜನ ಬಿಯರ್ ಕುಡಿಯುತ್ತಿರುವವನನ್ನೂ 16ರ ಹುಡುಗನನ್ನೂ ಸರಿಯಾಗಿ ಹಿಡಿದರು. ತರ್ಕದ ಆಕಾರ ಒಂದಿಷ್ಟೂ ಬದಲಾಗಿಲ್ಲ. ನಿಯಮ ಮುರಿಯುವವನು ಇದ್ದಾನೆ ಎಂದು ಗೊತ್ತಾದ ಕೂಡಲೇ ಮಿದುಳು ವಿಪಕ್ಷದತ್ತ ತಾನಾಗಿ ತಿರುಗುತ್ತದೆ. ಇದು ಏಕೆ ಹೀಗೆ ಎಂಬ ಬಗ್ಗೆ ಮನಶ್ಶಾಸ್ತ್ರಜ್ಞರಲ್ಲಿ ವಾದ ಮುಗಿದಿಲ್ಲ. ನನಗಂತೂ ಇದರಿಂದ ಒಂದು ಗುಮಾನಿ: ಉದಾಹರಣೆಯಿಲ್ಲದೆ ನಿಯಮ ಹೇಳಬೇಡ ಎಂದ ನೈಯಾಯಿಕರಿಗೆ ತರ್ಕದಷ್ಟೇ ಮನುಷ್ಯರೂ ಅರ್ಥವಾಗಿದ್ದರು.

ಕ್ಯಾಸನೂರಿನ ಮಂಗಗಳು

1957ರ ಮಾರ್ಚ್. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳುತ್ತಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೆ ತೀವ್ರ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಎದೆ ಝಲ್ಲೆಂದಿತು. ಅವರಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಏಷ್ಯಾದಲ್ಲಿ ಆ ರೋಗ ಇರಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಊರೂರಲ್ಲಿ ಇತ್ತು. ಒಮ್ಮೆ ಬಂದರೆ ತಡೆಯುವುದು ಹೇಗೆ ಎಂಬ ಭಯ ಹಳೆಯದು.

ಐದು ಹೆಜ್ಜೆಯಲ್ಲಿ ಇಟ್ಟು ನೋಡಿ. ಕ್ಯಾಸನೂರು ಕಾಡು ಪಕ್ಷ. ಹಳದಿ ಜ್ವರ ಸಾಧ್ಯ, ಅಂದರೆ ಸಾಧಿಸಬೇಕಾದ್ದು. ಮಂಗ ಸಾಯುತ್ತಿವೆ, ಜನರಿಗೆ ಜ್ವರ ಬಂದಿದೆ ಎಂಬುದು ಹೇತು. ದಕ್ಷಿಣ ಅಮೆರಿಕದ ಕಾಡು ಸಪಕ್ಷ. ಊಹೆ ದಡ್ಡತನದ್ದೇನಲ್ಲ. ಆದರೆ ವ್ಯಾಪ್ತಿ ಎಲ್ಲಿದೆ? ಮಂಗಗಳು ಸಾಯುವುದೆಲ್ಲ ಹಳದಿ ಜ್ವರದಿಂದಲೇ ಎಂದು ಹೇಳುವಂತಿರಲಿಲ್ಲ. ಹೇತು ಬೇರೆ ಕಡೆಯೂ ಅಲೆಯಬಹುದಿತ್ತು, ಅಲೆಯಿತು ಕೂಡ. ಪ್ರಯೋಗಾಲಯದಲ್ಲಿ ಬೇರ್ಪಡಿಸಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಅದರ ನೆಂಟಸ್ತಿಕೆ ಇದ್ದದ್ದು ರಷ್ಯಾದ ವಸಂತ-ಬೇಸಿಗೆ ಮಿದುಳುಜ್ವರದ ವೈರಸ್ ಗುಂಪಿನೊಂದಿಗೆ. ಮಲೆನಾಡಿನ ಕಾಡಿನಲ್ಲಿ ಸೈಬೀರಿಯದ ದಾಯಾದಿ!

ಇಲ್ಲಿಂದ ತರ್ಕದ ದಾರಿ ಬದಲಾಗುತ್ತದೆ. ಆ ಗುಂಪಿನ ವೈರಸ್‌ಗಳು ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡುವಂಥವು. ಜ್ವರ ಬೀಳುತ್ತಿದ್ದದ್ದು ಒಣ ಹವೆಯ ತಿಂಗಳುಗಳಲ್ಲಿ, ಸೌದೆ, ಸೊಪ್ಪು, ದರಗು ತರಲು ಕಾಡಿಗೆ ಹೋಗಿ ಬರುವವರಿಗೆ. ಹಾಗಾದರೆ ಕಾಡಿನ ನೆಲದಲ್ಲಿ ಉಣುಗು ಇರಲೇಬೇಕು, ಅದರಲ್ಲಿ ವೈರಸ್ ಇರಲೇಬೇಕು. ಕಂಡ ಸಂಗತಿಗಳು ಬೇರೆ ಯಾವ ರೀತಿಯಲ್ಲೂ ಹೊಂದಿಕೆಯಾಗದಿದ್ದಾಗ ಕಾಣದ ಒಂದನ್ನು ಒಪ್ಪಿಕೊಳ್ಳುವ ಈ ಬಗೆಗೆ ಮೀಮಾಂಸಕರು ಅರ್ಥಾಪತ್ತಿ ಎಂದು ಹೆಸರಿಟ್ಟಿದ್ದರು. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಹಾಗಾದರೆ ರಾತ್ರಿ ಉಣ್ಣುತ್ತಾನೆ. ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ 19ನೇ ಶತಮಾನದಲ್ಲಿ ನಿಗಮನ ಮತ್ತು ಅನುಗಮನಗಳ ಪಕ್ಕಕ್ಕೆ ಮೂರನೆಯದಾಗಿ ತಂದಿಟ್ಟದ್ದು ಇದಕ್ಕೆ ಹತ್ತಿರದ್ದೇ. ಪತ್ತೇದಾರರೂ ವೈದ್ಯರೂ ದಿನಾ ಬಳಸುವುದು ಇದನ್ನು. ಒಂದು ವ್ಯತ್ಯಾಸವುಂಟು: ಮೀಮಾಂಸಕರಿಗೆ ಅರ್ಥಾಪತ್ತಿ ಖಚಿತ ಜ್ಞಾನ, ಪರ್ಸ್‌ಗೆ ಅದು ಪರೀಕ್ಷೆಗೆ ಕಾದಿರುವ ಊಹೆ. ವಿಜ್ಞಾನ ಪರ್ಸ್‌ನ ಕಡೆಗಿದೆ. ಉಣುಗುಗಳನ್ನು ಹಿಡಿದು, ಅರೆದು, ಅವುಗಳಲ್ಲಿ ವೈರಸ್ ಕಂಡ ಮೇಲೆಯೇ ಮಾತು ಮುಗಿದದ್ದು.

ಜನ ಇದನ್ನು ಮಂಗನ ಕಾಯಿಲೆ ಎಂದರು, ಹೆಸರು ಹಾಗೇ ಉಳಿಯಿತು. ಮಂಗ ಸತ್ತ ಕಡೆ ಮನುಷ್ಯರಿಗೆ ಜ್ವರ ಬರುತ್ತದೆ ಎಂಬುದು ಕಣ್ಣಿಗೆ ಕಾಣುವ ಸತ್ಯ. ಆದರೆ ಮಂಗದಿಂದ ಜ್ವರ ಬರುತ್ತದೆ ಎಂಬುದು ಅದರಿಂದ ಹೊರಡುವುದಿಲ್ಲ. ಮಂಗವೂ ಮನುಷ್ಯನ ಹಾಗೆ ಉಣುಗಿನಿಂದಲೇ ಕಚ್ಚಿಸಿಕೊಂಡದ್ದು. ಅದು ಸತ್ತಾಗ ಮೈಮೇಲಿದ್ದ ಉಣುಗುಗಳು ಕೆಳಗುದುರಿ ಆ ಜಾಗ ಅಪಾಯದ ತಾಣವಾಗುತ್ತದೆ. ಸತ್ತ ಮಂಗವನ್ನು ದೂರದಿಂದ ಕಂಡು ಹೋದವನಿಗೆ ಏನೂ ಆಗದಿರಬಹುದು. ಮಂಗವನ್ನೇ ಕಾಣದೆ ದರಗು ಗುಡಿಸಿದವಳು ಹಾಸಿಗೆ ಹಿಡಿಯಬಹುದು. ಮಂಗ ಮತ್ತು ಜ್ವರದ ಜೋಡಿಯ ಹಿಂದೆ ಕಾಣದಂತೆ ಕೂತ ಮೂರನೆಯದೊಂದು ಇದೆ. ಅದಕ್ಕೂ ತರ್ಕದಲ್ಲಿ ಹೆಸರಿದೆ. ಈ ಅಧ್ಯಾಯ ಬರೆಯಲು ಕಾರಣವೇ ಆ ಹೆಸರು.

ಉಪಾಧಿ

ಮತ್ತೆ ಹೊಗೆ, ಬೆಂಕಿ. ಈ ಸಲ ತಿರುಗಿಸಿ. ಬೆಟ್ಟದಲ್ಲಿ ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ. ಅಡುಗೆಮನೆ, ಹೋಮಕುಂಡ, ಬಚ್ಚಲ ಒಲೆ, ಎಲ್ಲೆಲ್ಲಿ ನೋಡಿದರೂ ಸರಿ. ಸಾವಿರ ಸಪಕ್ಷ ಸಿಗುತ್ತವೆ. ಆಗ ಒಬ್ಬ ಕಮ್ಮಾರನ ಕುಲುಮೆಯಿಂದ ಕೆಂಪಗೆ ಕಾದ ಕಬ್ಬಿಣದ ಗುಂಡೊಂದನ್ನು ಹೊರತೆಗೆದು ತೋರಿಸುತ್ತಾನೆ. ಬೆಂಕಿಯಿದೆ, ಹೊಗೆಯಿಲ್ಲ.

ಇಲ್ಲಿಗೆ ನಿಯಮ ಮುರಿಯಿತು ಎಂದು ಎದ್ದು ಹೋಗಬಹುದಿತ್ತು. ನೈಯಾಯಿಕರು ಇನ್ನೊಂದು ಪ್ರಶ್ನೆ ಕೇಳಿದರು. ಹಾಗಾದರೆ ಅಷ್ಟೆಲ್ಲ ಕಡೆ ಬೆಂಕಿಯ ಜೊತೆ ಹೊಗೆ ಬಂದದ್ದೇಕೆ? ಉತ್ತರ: ಅಲ್ಲೆಲ್ಲ ಹಸಿ ಸೌದೆಯಿತ್ತು. ಹೊಗೆ ಬಂದದ್ದು ಬರೀ ಬೆಂಕಿಯಿಂದಲ್ಲ, ಬೆಂಕಿಗೆ ಹಸಿ ಸೌದೆ ಕೂಡಿದ್ದರಿಂದ. ನಾವು ಬೆಂಕಿಯ ಗುಣ ಎಂದುಕೊಂಡಿದ್ದು ಹಸಿ ಸೌದೆಯ ಗುಣ. ಬಿಳಿ ಸ್ಫಟಿಕದ ಪಕ್ಕ ದಾಸವಾಳ ಇಟ್ಟರೆ ಸ್ಫಟಿಕವೇ ಕೆಂಪಗೆ ಕಾಣುವ ದೃಷ್ಟಾಂತವನ್ನು ಗ್ರಂಥಗಳು ಕೊಡುತ್ತವೆ. ಪಕ್ಕದಲ್ಲಿ ನಿಂತು ತನ್ನ ಬಣ್ಣವನ್ನು ಇನ್ನೊಂದಕ್ಕೆ ಹಚ್ಚುವುದೇ ಉಪಾಧಿ.

ಕನ್ನಡದಲ್ಲಿ ಉಪಾಧಿ ಎಂದರೆ ವೇದಾಂತ ಓದಿದವರಿಗೆ ಆತ್ಮಕ್ಕೆ ಅಂಟಿದ ಮಿತಿ. ಗೋಕರ್ಣದಲ್ಲಿ ದೇವಸ್ಥಾನದ ಪೂಜೆಯ ಹಕ್ಕು ಉಳ್ಳವರು ಉಪಾಧಿವಂತರು. ತರ್ಕದ ಉಪಾಧಿಗೆ ಮಾತ್ರ ಲೆಕ್ಕದಂತೆ ಬಿಗಿಯಾದ ಲಕ್ಷಣವಿದೆ: ಸಾಧ್ಯ ಇರುವಲ್ಲೆಲ್ಲ ಅದು ಇರಬೇಕು, ಹೇತು ಇರುವಲ್ಲೆಲ್ಲ ಇರಬಾರದು. ಹೊಗೆಯಿರುವಲ್ಲೆಲ್ಲ ಹಸಿ ಸೌದೆಯಿದೆ. ಬೆಂಕಿಯಿರುವಲ್ಲೆಲ್ಲ ಇಲ್ಲ, ಕಬ್ಬಿಣದ ಗುಂಡು ಸಾಕ್ಷಿ. ಇದೇ ಅಳತೆಯನ್ನು ಕ್ಯಾಸನೂರಿಗೆ ಹಿಡಿಯಿರಿ. ಜ್ವರ ಬಿದ್ದವರಿಗೆಲ್ಲ ಉಣುಗು ಕಚ್ಚಿದೆ. ಸತ್ತ ಮಂಗದ ಹತ್ತಿರ ಹೋದವರಿಗೆಲ್ಲ ಕಚ್ಚಿಲ್ಲ. ಉಣುಗೇ ಉಪಾಧಿ. ಆರೋಗ್ಯ ಇಲಾಖೆಯವರು ಮಂಗ ಸತ್ತ ಜಾಗದ ಸುತ್ತ ಕೀಟನಾಶಕ ಹಾಕುವುದು, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಕೊಡುವುದು ಈ ಉಪಾಧಿಯನ್ನು ಹಿಡಿದೇ.

ಇಂದಿನ ಸಂಖ್ಯಾಶಾಸ್ತ್ರದಲ್ಲಿ ‘ಕನ್‌ಫೌಂಡರ್’ ಎಂಬುದರ ಬಗ್ಗೆ ಪುಸ್ತಕಗಟ್ಟಲೆ ಬರೆಯುತ್ತಾರೆ. ಎರಡು ಸಂಗತಿಗಳು ಜೊತೆಜೊತೆಗೆ ಕಂಡಾಗ, ಒಂದು ಇನ್ನೊಂದಕ್ಕೆ ಕಾರಣವಲ್ಲದೆಯೂ ಹಾಗೆ ಕಾಣುವಂತೆ ಮಾಡುವ ಮೂರನೆಯದು. ಇದನ್ನು ನಮ್ಮವರು ಆಗಲೇ ಕಂಡುಹಿಡಿದಿದ್ದರು ಎಂದು ಎದೆ ತಟ್ಟಿಕೊಳ್ಳುವವರ ಸಾಲಿಗೆ ನಾನು ಸೇರುವುದಿಲ್ಲ. ನೈಯಾಯಿಕರ ಉಪಾಧಿ ಇದೆ ಅಥವಾ ಇಲ್ಲ ಎಂಬ ಲೋಕದ್ದು. ನೂರರಲ್ಲಿ ಎಷ್ಟು ಎಂಬ ಲೆಕ್ಕ ಅವರಲ್ಲಿಲ್ಲ, ಪ್ರಯೋಗ ಹೂಡಿ ಉಪಾಧಿಯನ್ನು ಬೇರ್ಪಡಿಸುವ ವಿಧಾನವೂ ಇಲ್ಲ. ಆದರೆ ಪ್ರಶ್ನೆ ಅದೇ. ಜೊತೆಯಲ್ಲಿ ಬಂದದ್ದೆಲ್ಲ ಕಾರಣವಲ್ಲ ಎಂದು ಎಚ್ಚರಿಸಿ ಬಿಡದೆ, ಹಾಗಾದರೆ ಕಾರಣವಾಗಿ ನಿಲ್ಲುವುದಕ್ಕೆ ಯಾವ ಲಕ್ಷಣ ಬೇಕು ಎಂದು ಅವರು ಕೇಳಿದರು.

ಫಿಷರನ ಪೈಪು

ಉಪಾಧಿಯ ಪ್ರಶ್ನೆಯನ್ನು 20ನೇ ಶತಮಾನದಲ್ಲಿ ಅತಿ ದೊಡ್ಡ ದನಿಯಲ್ಲಿ ಕೇಳಿದವನು ಆಧುನಿಕ ಸಂಖ್ಯಾಶಾಸ್ತ್ರದ ಪಿತಾಮಹನೆನಿಸಿದ ರೊನಾಲ್ಡ್ ಫಿಷರ್. ಸಂದರ್ಭ ಸಿಗರೇಟು.

ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ 1950ರಲ್ಲಿ ಲಂಡನ್ ಆಸ್ಪತ್ರೆಗಳ ರೋಗಿಗಳ ಅಧ್ಯಯನ ಪ್ರಕಟಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಧೂಮಪಾನ ಮಾಡದವರು 2 ಮಂದಿ. ಬೇರೆ ಕಾಯಿಲೆಯ ಅಷ್ಟೇ ಗಂಡಸರಲ್ಲಿ 27. ಆಗಿನ ಬ್ರಿಟನ್ನಿನಲ್ಲಿ ಸೇದದ ಗಂಡಸೇ ಅಪರೂಪ ಎಂಬುದನ್ನು ಗಮನಿಸಿ. ಮುಂದಿನ ವರ್ಷ ಅವರು ಬ್ರಿಟಿಷ್ ವೈದ್ಯರನ್ನೇ ಅಧ್ಯಯನಕ್ಕೆ ಎಳೆದುಕೊಂಡರು. ಸುಮಾರು 40 ಸಾವಿರ ವೈದ್ಯರು ತಮ್ಮ ಸೇದುವ ಚಟದ ವಿವರ ಬರೆದು ಕಳಿಸಿದರು. ಯಾರು ಯಾವ ರೋಗದಿಂದ ಸಾಯುತ್ತಾರೆ ಎಂದು ನೋಡುತ್ತ ಹೋದಾಗ ಚಿತ್ರ ಇನ್ನಷ್ಟು ಗಾಢವಾಯಿತು.

ಫಿಷರ್ ಒಪ್ಪಲಿಲ್ಲ. ಸೇದುವ ಬಯಕೆ ಹುಟ್ಟಿಸುವ ವಂಶವಾಹಿಯೇ ಕ್ಯಾನ್ಸರನ್ನೂ ತರುತ್ತಿರಬಹುದಲ್ಲ ಎಂದ. ತದ್ರೂಪಿ ಅವಳಿಗಳ ಸೇದುವ ಅಭ್ಯಾಸ ಸಾಮಾನ್ಯ ಅವಳಿಗಳಿಗಿಂತ ಹೆಚ್ಚು ಹೋಲುತ್ತದೆ ಎಂದು 1958ರಲ್ಲಿ ಅಂಕಿಅಂಶವನ್ನೂ ತೋರಿಸಿದ. ಅಂದರೆ ಸಿಗರೇಟು ಬೆಂಕಿ, ಕ್ಯಾನ್ಸರ್ ಹೊಗೆ, ವಂಶವಾಹಿ ಹಸಿ ಸೌದೆ. ಅವನು ಸ್ವತಃ ಪೈಪು ಸೇದುತ್ತಿದ್ದ, ತಂಬಾಕು ಕಂಪನಿಗಳ ಒಕ್ಕೂಟಕ್ಕೆ ಸಲಹೆಗಾರನೂ ಆಗಿದ್ದ ಎಂಬುದು ನಿಜ. ಆದರೆ ಪ್ರಶ್ನೆ ಕೇಳಿದವನ ಬಾಯಲ್ಲಿ ಪೈಪಿದೆ ಎಂದ ಮಾತ್ರಕ್ಕೆ ಪ್ರಶ್ನೆ ತಪ್ಪಾಗುವುದಿಲ್ಲ. ಅವನಿಗೆ ತನ್ನದೇ ಆದ ಪರ್ಯಾಯ ವಿವರಣೆಯೂ ಇತ್ತು, ಹಾಗಾಗಿ ಅದು ವಿತಂಡವೂ ಅಲ್ಲ.

ಉತ್ತರ ಕೊಟ್ಟವರು ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು, 1959ರಲ್ಲಿ. ಸಿಗರೇಟು ಸೇದುವವರಿಗೆ ಈ ಕ್ಯಾನ್ಸರ್ ತಗಲುವ ಸಂಭವ ಸೇದದವರಿಗಿಂತ 9 ಪಟ್ಟು ಹೆಚ್ಚು. ಇದೆಲ್ಲವೂ ಒಂದು ಗುಪ್ತ ಉಪಾಧಿಯ ಆಟ ಎಂದಾದರೆ, ಆ ಉಪಾಧಿ ಸೇದುವವರಲ್ಲಿ ಸೇದದವರಿಗಿಂತ ಕನಿಷ್ಠ 9 ಪಟ್ಟು ಸಾಮಾನ್ಯವಾಗಿರಬೇಕು. ಸೇದದವರಲ್ಲಿ 100ಕ್ಕೆ 10 ಜನರಲ್ಲಿ ಇದ್ದರೆ ಸೇದುವವರಲ್ಲಿ 90 ಜನರಲ್ಲಿ ಇರಬೇಕು. ಸೇದದವರಲ್ಲಿ 12 ಆದರೆ? ಸೇದುವವರಲ್ಲಿ 100ಕ್ಕೆ 108 ಜನ! ಅಷ್ಟು ಬಲವಾದ ಉಪಾಧಿ ಇದ್ದಿದ್ದರೆ ಅದು ಹೀಗೆ ಅಡಗಿ ಕೂರಲು ಸಾಧ್ಯವೇ ಇರಲಿಲ್ಲ. ಮೇಲಾಗಿ, ಸೇದುವುದನ್ನು ಬಿಟ್ಟವರಲ್ಲಿ ಅಪಾಯ ಇಳಿಯುತ್ತ ಬರುತ್ತದೆ. ಸಿಗರೇಟು ಬಿಟ್ಟರೆ ವಂಶವಾಹಿ ಬದಲಾಗುವುದಿಲ್ಲ.

ಈ ಕೊನೆಯ ವಾಕ್ಯದ ಬಗೆಯನ್ನೇ ನೈಯಾಯಿಕರು ತರ್ಕ ಎಂದು ಕರೆದದ್ದು. ನಮಗೆ ತರ್ಕ ಎಂದರೆ ಇಡೀ ಶಾಸ್ತ್ರ; ಅವರಿಗೆ ಅದು ಒಂದು ನಿರ್ದಿಷ್ಟ ಉಪಕರಣ. ಎದುರಿನವನ ಮಾತನ್ನು ಒಂದು ಗಳಿಗೆ ಒಪ್ಪಿಕೊಂಡು, ಹಾಗಿದ್ದಿದ್ದರೆ ಏನಾಗಬೇಕಿತ್ತು, ಆಗಿದೆಯೇ ಎಂದು ನೋಡುವುದು. ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ. ವಂಶವಾಹಿಯೇ ಕಾರಣವಾಗಿದ್ದರೆ ಸೇದುವುದು ಬಿಟ್ಟೂ ಪ್ರಯೋಜನವಿರುತ್ತಿರಲಿಲ್ಲ. ತರ್ಕ ತಾನೇ ಪ್ರಮಾಣವಲ್ಲ, ಪ್ರಮಾಣದ ದಾರಿಯಲ್ಲಿರುವ ಸಂಶಯವನ್ನು ಗುಡಿಸುವ ಕೆಲಸ ಅದರದು.

ಸಂಶಯಕ್ಕೆ ಕೊನೆ ಎಲ್ಲಿ ಎಂಬುದು ಹಳೆಯ ಜಗಳ. ನೀವು ಕಂಡದ್ದು ಕೆಲವೇ ಹೊಗೆಗಳನ್ನು, ಕಾಣದ ಕೋಟಿ ಹೊಗೆಗಳ ಬಗ್ಗೆ ಹೇಗೆ ಹೇಳುತ್ತೀರಿ, ಎಲ್ಲೋ ಒಂದು ಉಪಾಧಿ ಅಡಗಿರಬಹುದಲ್ಲ ಎಂದು ಚಾರ್ವಾಕರು ಕೇಳಿದ್ದರು. ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಕೇಳಿದ್ದೂ ಇದಕ್ಕೆ ತೀರ ಹತ್ತಿರದ ಪ್ರಶ್ನೆ. ಚಾರ್ವಾಕರಿಗೆ ನೈಯಾಯಿಕ ಉದಯನ ಕೊಟ್ಟ ಉತ್ತರ ಹೀಗಿತ್ತು: ಸಂಶಯ ನಿನ್ನದೇ ನಡವಳಿಕೆಗೆ ಅಡ್ಡ ಬರುವ ತನಕ ಮಾತ್ರ. ಹೊಗೆ ಬೇಕಾದಾಗ ನೀನು ಬೆಂಕಿಯನ್ನೇ ಹುಡುಕುತ್ತೀಯಲ್ಲ, ಹಸಿವಾದಾಗ ಊಟಕ್ಕೇ ಹೋಗುತ್ತೀಯಲ್ಲ. ವೇದಾಂತಿ ಶ್ರೀಹರ್ಷ 12ನೇ ಶತಮಾನದಲ್ಲಿ ಇದನ್ನು ಗೇಲಿ ಮಾಡಿದ, ಆಮೇಲೆ ನವ್ಯನ್ಯಾಯದ ಗಂಗೇಶ ಉದಯನನ ಪರ ಎದ್ದು ನಿಂತ. ನನ್ನ ಮತ ಗಂಗೇಶನ ಕಡೆಗೆ. ಕಾರ್ನ್‌ಫೀಲ್ಡ್ ಮಾಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದೆ: ಸಂಶಯಪಡುವವನು ತೆರಬೇಕಾದ ಬೆಲೆಯನ್ನು ಅಂಕಿಯಲ್ಲಿ ಬರೆದು ತೋರಿಸಿದ.

ಅಮೆರಿಕ ಸರ್ಕಾರದ ಆರೋಗ್ಯ ವರದಿ 1964ರಲ್ಲಿ ಸಿಗರೇಟೇ ಕಾರಣವೆಂದು ಸಾರಿತು. ಫಿಷರ್ ಎರಡು ವರ್ಷ ಮುಂಚೆಯೇ ತೀರಿಕೊಂಡಿದ್ದ. ತಂಬಾಕು ಕಂಪನಿಗಳು ಮಾತ್ರ ಅವನ ಪ್ರಶ್ನೆಯನ್ನು ಬಿಡಲಿಲ್ಲ. ಉತ್ತರ ಬೇಕಿಲ್ಲದ ಪ್ರಶ್ನೆಯಾಗಿ ಅದನ್ನು ದಶಕಗಳ ಕಾಲ ಸಾಕಿದವು. ತಾವು ಮಾರುತ್ತಿರುವ ಸರಕೇ ಸಂಶಯ ಎಂದು ಅಲ್ಲಿನ ಒಂದು ಸಿಗರೇಟು ಕಂಪನಿಯ 1969ರ ಒಳಟಿಪ್ಪಣಿಯೊಂದು ಒಪ್ಪಿಕೊಂಡದ್ದು ಆಮೇಲೆ ಬಯಲಾಯಿತು. ಫಿಷರನ ಕೈಯಲ್ಲಿ ವಾದವಾಗಿದ್ದದ್ದು ಅವರ ಕೈಯಲ್ಲಿ ವಿತಂಡವಾಯಿತು.

ಬೆಳ್ಳುಳ್ಳಿ ತಿನ್ನುವವರಿಗೆ ಹೃದ್ರೋಗ ಕಡಿಮೆ, ಸಂಗೀತ ಕಲಿತ ಮಕ್ಕಳಿಗೆ ಲೆಕ್ಕದಲ್ಲಿ ಹೆಚ್ಚು ಅಂಕ, ಖಾಸಗಿ ಶಾಲೆಯ ಫಲಿತಾಂಶ ಉತ್ತಮ ಎಂಬಂಥ ಸುದ್ದಿಗಳು ದಿನವೂ ಬರುತ್ತವೆ. ಇವುಗಳಲ್ಲಿ ನಿಜವೂ ಇರಬಹುದು. ಬೆಳ್ಳುಳ್ಳಿಯೋ, ಬೆಳ್ಳುಳ್ಳಿ ತಿನ್ನುವವರು ನಡೆಯುವ ನಡಿಗೆಯೋ? ಸಂಗೀತವೋ, ಸಂಗೀತದ ಫೀಸು ಕಟ್ಟಬಲ್ಲ ಅಪ್ಪನ ಸಂಬಳವೋ? ಇದನ್ನು ಕೇಳಲು ಕನ್ನಡದಲ್ಲಿ ಮೂರಕ್ಷರದ ಒಂದು ಪದ ಇದ್ದೂ, ವೈದ್ಯಕೀಯ ಮತ್ತು ಸಂಖ್ಯಾಶಾಸ್ತ್ರದ ಕನ್ನಡ ಬರಹಗಳಲ್ಲಿ ‘ಗೊಂದಲಕಾರಿ ಅಂಶ’ ಎಂದೋ, ಇಂಗ್ಲಿಷನ್ನೇ ಲಿಪಿ ಬದಲಿಸಿಯೋ ಬರೆಯುತ್ತೇವೆ. ಗೊಂದಲವಾಗುವುದು ಓದುಗನಿಗೆ, ಆ ಮೂರನೆಯ ಅಂಶದಲ್ಲಿ ಗೊಂದಲವೇನೂ ಇಲ್ಲ. ವೇದಾಂತದ ಅರ್ಥ ಅಡ್ಡ ಬರುತ್ತದೆ ಎಂದು ಯಾರಾದರೂ ಆಕ್ಷೇಪಿಸಿಯಾರು. ರಾಜಕೀಯದ ಅರ್ಥ ಗಟ್ಟಿಯಾಗಿ ಅಂಟಿದ್ದರೂ ಪಕ್ಷ ಎಂಬುದು ಶುಕ್ಲಪಕ್ಷದಲ್ಲಿ ತನ್ನ ಕೆಲಸ ಮಾಡಿಕೊಂಡಿದೆ, ಯಾರಿಗೂ ತೊಂದರೆಯಾಗಿಲ್ಲ. ಪಠ್ಯಪುಸ್ತಕ ಬರೆಯುವವರಲ್ಲೂ ಪತ್ರಿಕೆಯವರಲ್ಲೂ ನನ್ನ ಕೋರಿಕೆ ಇಷ್ಟೇ: ಇನ್ನು ಮುಂದೆ ಅದನ್ನು ಉಪಾಧಿ ಎಂದೇ ಬರೆಯಿರಿ, ಮೊದಲ ಸಲ ಬಂದಾಗ ಹಸಿ ಸೌದೆಯ ಉದಾಹರಣೆಯನ್ನೂ ಜೊತೆಗೆ ಕೊಡಿ.